ಮನೆವಾರ್ತೆ: ಕ್ಯಾಮೆರಾದ ಕಣ್ಣಿಗೆ ಸೆರಗು ತಾಗದಿರಲಿ



ಹಿತ್ತಾಳೆಯ ಸಮೆಗಳು, ರೇಷ್ಮೆಯ ಸೀರೆಗಳು, ಹಗೇವಿನ ಜೋಳ ಮುಂತಾಗಿ ಮನೆಯ ಒಡವೆಗಳನ್ನು ಕೆಡದಂತೆ ಕಾಪಾಡುವ ಬಗೆಯನ್ನು ಕುರಿತು ಈ ಅಂಕಣದಲ್ಲಿ ಬರೆಯುತ್ತ ಬಂದದ್ದುಂಟು. ಹಿರಿಯರ ಕಾಲದಲ್ಲಿ ಊರಿಗೆ ಒಂದೋ ಎರಡೋ ಇದ್ದು, ಈಗ ಮನೆಯಲ್ಲಿ ತಲೆಗೊಂದರಂತೆ ಸೇರಿಕೊಂಡಿರುವ ಒಂದು ವಸ್ತುವನ್ನು ಕುರಿತು ಈ ಸಲ ಬರೆಯಬೇಕೆನಿಸಿದೆ. ಅದು ಕ್ಯಾಮೆರಾದ ಮಸೂರ, ಎಂದರೆ ನಾವೆಲ್ಲರೂ ರೂಢಿಯಲ್ಲಿ ಲೆನ್ಸು ಎಂದು ಕರೆಯುವ ಗಾಜಿನ ಕಣ್ಣು. ಸ್ಟುಡಿಯೋದವರ ದೊಡ್ಡ ಕ್ಯಾಮೆರಾದಲ್ಲಿಯೂ, ಟ್ರಂಕಿನಲ್ಲಿ ಮಲಗಿರುವ ಹಳೆಯ ಯಾಶಿಕಾದಲ್ಲಿಯೂ, ಸೊಸೆಯ ಕೈಯಲ್ಲಿರುವ ಮೊಬೈಲಿನಲ್ಲಿಯೂ ಇರುವುದು ಅದೇ ಬಗೆಯ ಕಣ್ಣು.

ಮಳೆಗಾಲ ಹಿಂದೆ ಸರಿದ ಮೇಲೆ ನಮ್ಮ ಭಾಗದಲ್ಲಿ ಕ್ಯಾಮೆರಾಗಳಿಗೆ ಕೆಲಸ ಹೆಚ್ಚು. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಪಡೆ ಕಂಪನಿ ಸರಕಾರದ ದಂಡನ್ನು ಸೋಲಿಸಿದ ನೆನಪಿಗಾಗಿ ಕಿತ್ತೂರಿನಲ್ಲಿ ಉತ್ಸವ ನಡೆಯುತ್ತದೆ. ಕೋಟೆಯ ಬಯಲಿನಲ್ಲಿ ಎದ್ದ ಧೂಳು ಅಡಗುವ ಮುನ್ನವೇ ಲಗ್ನಗಳು ಬರುತ್ತವೆ, ರಾಮದುರ್ಗದ ಕಡೆ ಗೊಡಚಿಯ ವೀರಭದ್ರೇಶ್ವರನ ಜಾತ್ರೆ ಬರುತ್ತದೆ, ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಗಳು ಬರುತ್ತವೆ. ಈ ದಿನಮಾನಗಳಲ್ಲಿ ಯಾವ ಜಾತ್ರೆಗೆ ಹೋದರೂ ಒಂದು ನೋಟವನ್ನು ನೀವು ಕಂಡಿರುತ್ತೀರಿ. ಕ್ಯಾಮೆರಾ ಹಿಡಿದ ತರುಣನೊಬ್ಬನು ಲೆನ್ಸಿನ ಮೇಲೆ ಧೂಳು ಕೂತಿರುವುದನ್ನು ನೋಡಿ, ಬಾಯಿಯಿಂದ ಫೂ ಎಂದು ಊದಿ, ಅಂಗಿಯ ಚುಂಗಿನಿಂದ ಗಸಗಸನೆ ಒರೆಸಿ, ತೃಪ್ತಿಯಿಂದ ಮುಂದಿನ ಚಿತ್ರಕ್ಕೆ ಸಿದ್ಧನಾಗುತ್ತಾನೆ. ಧೂಳು ಹೋಯಿತೆಂದು ಅವನ ಭಾವನೆ. ಆದರೆ ಆ ಒಂದು ಗಳಿಗೆಯಲ್ಲಿ ಅವನು ಲೆನ್ಸಿಗೆ ಮಾಡಿದ ಕೇಡನ್ನು ಧೂಳು ಇಡೀ ವರ್ಷ ಅಲ್ಲಿಯೇ ಕುಳಿತಿದ್ದರೂ ಮಾಡುತ್ತಿರಲಿಲ್ಲ.

ಈ ಮಾತು ಅನೇಕರಿಗೆ ವಿಚಿತ್ರವಾಗಿ ತೋರಬಹುದು. ಸ್ವಚ್ಛತೆಯನ್ನು ಹುಟ್ಟಿನಿಂದಲೇ ಕಲಿತು ಬಂದ ಮನೆತನಗಳು ನಮ್ಮವು. ಕಸ ಕಂಡಲ್ಲಿ ಕೈ ತಾನಾಗಿಯೇ ಹೋಗುತ್ತದೆ. ಆದುದರಿಂದ ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ.

ನಮ್ಮ ಧೂಳು ಎಂಥದು ಎಂಬುದನ್ನು ಮೊದಲು ನೋಡೋಣ. ಸವದತ್ತಿಯ ಗುಡ್ಡಗಳು, ಮಲಪ್ರಭೆಯು ಕೊರೆದುಕೊಂಡು ಹರಿದಿರುವ ನವಿಲುತೀರ್ಥದ ಕಣಿವೆ, ರಾಮದುರ್ಗದ ಸುತ್ತಿನ ಬೆಟ್ಟಸಾಲುಗಳು, ಇವೆಲ್ಲ ಭೂವಿಜ್ಞಾನಿಗಳು ಕಲಾದಗಿ ಶಿಲಾಸಮೂಹವೆಂದು ಕರೆಯುವ ಪ್ರಾಚೀನ ಮರಳುಗಲ್ಲು ಮತ್ತು ಬೆಣಚುಶಿಲೆಗಳಿಂದಾದವು. ಆ ಕಲ್ಲು ಸವೆದು ಹುಡಿಯಾದಾಗ ಉಳಿಯುವುದು ಬೆಣಚುಕಲ್ಲಿನ ಕಣ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಎಣಿಸುವ ಮೋಸ್ ಎಂಬ ಅಳತೆಯಲ್ಲಿ ಬೆಣಚುಕಲ್ಲಿನ ಸ್ಥಾನ 7. ಸಾಮಾನ್ಯ ಗಾಜಿನದು ಸುಮಾರು 5.5. ಗಡಸಾದದ್ದು ಮೆದುವಾದದ್ದನ್ನು ಗೀರುವುದು ಪ್ರಕೃತಿಯ ನಿಯಮ. ಆದುದರಿಂದ ಗುಡ್ಡದ ಹಾದಿಯ ಧೂಳನ್ನು ಗಾಜಿನ ಮೇಲಿಟ್ಟು ಅರಿವೆಯಿಂದ ತಿಕ್ಕುವುದೆಂದರೆ ಗಾಜನ್ನು ಮರಳುಕಾಗದದಿಂದ ಉಜ್ಜಿದಂತೆ. ಅರಿವೆ ಎಷ್ಟೇ ಮೆತ್ತಗಿರಲಿ, ಹತ್ತಿ ಎಷ್ಟೇ ನಯವಾಗಿರಲಿ, ಗೀರುವುದು ಅರಿವೆಯಲ್ಲವಲ್ಲ! ಅದರ ಎಳೆಗಳಲ್ಲಿ ಸಿಕ್ಕಿಕೊಂಡ ಕಣ ಗೀರುತ್ತದೆ. ಬೈಲಹೊಂಗಲದ ಎರೆಮಣ್ಣಿನ ಧೂಳು ಇದಕ್ಕಿಂತ ನುಣುಪು. ಆದರೆ ಅದಕ್ಕೆ ಅಂಟುವ ಗುಣವಿದೆ. ಒಣಗಿದ್ದಾಗ ಊದಿದರೆ ಹಾರಿಹೋಗುವ ಆ ಧೂಳು ಎಂಜಲಿನ ಹನಿ ತಾಗಿದೊಡನೆ ಕೆಸರಾಗಿ ಕಚ್ಚಿಕೊಳ್ಳುತ್ತದೆ.

ಇನ್ನು ಲೆನ್ಸಿನ ಮೈಯನ್ನು ನೋಡೋಣ. ಓರೆಯಾಗಿ ಬೆಳಕಿಗೆ ಹಿಡಿದರೆ ಲೆನ್ಸಿನಲ್ಲಿ ನೇರಳೆಯೋ ಹಸಿರೋ ಒಂದು ಛಾಯೆ ಹೊಳೆಯುವುದನ್ನು ನೀವು ಗಮನಿಸಿರಬಹುದು. ಗಾಜಿಗೆ ಆ ಬಣ್ಣವಿಲ್ಲ; ಅದು ಅದರ ಮೇಲೆ ಹಚ್ಚಿದ ಲೇಪದ ಬಣ್ಣ. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ 4 ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಒಂದು ಲೆನ್ಸಿನೊಳಗೆ ಬಿಡಿಬಿಡಿಯಾಗಿ ಆರು ಗಾಜುಗಳಿದ್ದರೆ ಹನ್ನೆರಡು ಮೈಗಳಾದವು. ಅಷ್ಟನ್ನೂ ದಾಟಿ ಬರುವುದರೊಳಗೆ ಬೆಳಕಿನ ಐದು ಪಾಲುಗಳಲ್ಲಿ ಹತ್ತಿರಹತ್ತಿರ ಎರಡು ಪಾಲು ಸೋರಿಹೋಗುತ್ತದೆ. ಸೋರಿದ ಬೆಳಕು ಸುಮ್ಮನೆ ಹೋಗುವುದೂ ಇಲ್ಲ. ಒಳಗೊಳಗೇ ಅಲೆದಾಡಿ ಚಿತ್ರದ ಮೇಲೆ ಮಂಜಿನಂತೆ ಹರಡಿಕೊಳ್ಳುತ್ತದೆ. 1935ರಲ್ಲಿ ಜರ್ಮನಿಯ ಝೈಸ್ ಸಂಸ್ಥೆಯಲ್ಲಿದ್ದ ಅಲೆಕ್ಸಾಂಡರ್ ಸ್ಮಕುಲಾ ಎಂಬ ವಿಜ್ಞಾನಿ ಇದಕ್ಕೆ ಪರಿಹಾರ ಕಂಡುಹಿಡಿದನು. ಗಾಜಿನ ಮೇಲೆ ಸೂಕ್ತ ಪದಾರ್ಥದ ಅತಿ ತೆಳುವಾದ ಲೇಪವನ್ನಿಟ್ಟರೆ ಪ್ರತಿಫಲನ ಬಹುಮಟ್ಟಿಗೆ ಅಡಗುತ್ತದೆ. ಇದಕ್ಕೆ ಬಹಳ ಕಾಲದಿಂದ ಬಳಕೆಯಲ್ಲಿರುವುದು ಮೆಗ್ನೀಸಿಯಂ ಫ್ಲೋರೈಡ್ ಎಂಬ ಲವಣ. ಈಗಿನ ಲೆನ್ಸುಗಳಲ್ಲಿ ಇಂಥ ಹಲವು ಪದರಗಳಿರುತ್ತವೆ. ಒಂದು ಪದರದ ದಪ್ಪ ಎಷ್ಟೆಂದು ಊಹಿಸಬಲ್ಲಿರಾ? ನಿಮ್ಮ ಕೈಯಲ್ಲಿರುವ ಈ ಪತ್ರಿಕೆಯ ಒಂದು ಹಾಳೆಯ ದಪ್ಪದಲ್ಲಿ ಸುಮಾರು ಸಾವಿರದ ಒಂದು ಪಾಲು. ಸಮೆಯ ಬೆಳಕಿನಲ್ಲಿ, ಆರತಿಯ ಬೆಳಕಿನಲ್ಲಿ ತೆಗೆದ ಚಿತ್ರ ಸ್ವಚ್ಛವಾಗಿ ಬರುವುದು ಈ ಪದರಗಳ ಪುಣ್ಯದಿಂದ. ಅಂಗಿಯ ಚುಂಗು, ಧೋತರದ ಅಂಚು, ಸೀರೆಯ ಸೆರಗು ದಿನಕ್ಕೆ ಹತ್ತು ಸಲ ತಿಕ್ಕುವುದು ಇವುಗಳನ್ನೇ.

ಹಾಗಾದರೆ ಧೂಳು ಕೂತ ಲೆನ್ಸಿನಿಂದ ಚಿತ್ರ ಕೆಡುವುದಿಲ್ಲವೇ ಎಂದು ಕೇಳಬಹುದು. ಹತ್ತಾರು ಕಣಗಳಿಂದ ಏನೂ ಕೆಡುವುದಿಲ್ಲ. ಕಿಟಕಿಯ ಸೊಳ್ಳೆಪರದೆಗೆ ಕಣ್ಣನ್ನು ತೀರ ಹತ್ತಿರವಿಟ್ಟು ದೂರದ ತೇರನ್ನು ನೋಡಿರಿ. ಜಾಳಿಗೆಯ ತಂತಿಗಳು ಕಾಣದೆ ಕರಗಿಹೋಗಿ ತೇರು ಮಾತ್ರ ಕಾಣುತ್ತದೆ. ಮುಂದಿನ ಗಾಜಿನ ಮೇಲಿನ ಕಣವೂ ಹಾಗೆಯೇ. ಕ್ಯಾಮೆರಾಕ್ಕೆ ಅದು ಕಾಣದಷ್ಟು ಹತ್ತಿರವಿರುತ್ತದೆ. ಟಾರ್ಚು ಹಿಡಿದು ಲೆನ್ಸಿನೊಳಗೆ ಇಣುಕಿ ಧೂಳು ಹುಡುಕುವ ಚಟ ಕೆಲವರಿಗಿದೆ. ಹಾಗೆ ನೋಡಿದರೆ ನಿನ್ನೆ ಅಂಗಡಿಯಿಂದ ತಂದ ಲೆನ್ಸು ಕೂಡ ಕಸದ ಗುಡ್ಡೆಯಂತೆ ಕಾಣುತ್ತದೆ. ಆ ಚಟವನ್ನು ಬಿಡುವುದೊಳಿತು.

ಆದರೆ ಬೆರಳಿನ ಗುರುತು ಬೇರೆಯ ಮಾತು. ಬೆರಳಿನ ಜಿಡ್ಡು ಗಾಜಿನ ಮೇಲೆ ಪೊರೆಯಾಗಿ ಹರಡಿ ಬೆಳಕನ್ನು ಚೆದುರಿಸುತ್ತದೆ. ಹಗಲಿನಲ್ಲಿ ಅಷ್ಟಾಗಿ ತಿಳಿಯದು. ರಾತ್ರಿ ದೀಪಗಳ ಎದುರಿನಲ್ಲಿ ಪ್ರತಿ ದೀಪದ ಸುತ್ತ ಹೊಗೆಯಂಥ ಒಂದು ಬಳಯ ಮೂಡುತ್ತದೆ, ಕಪ್ಪು ಕೂದಲು ಬೂದಿಯಾಗುತ್ತದೆ, ಮದುಮಗಳ ಮುಖ ಕಳೆಗುಂದುತ್ತದೆ. ಅಕ್ಕಿಕಾಳು ಬೀಳುವ ಗಳಿಗೆ ಒಂದೇ ಸಲ ಬರುವಂಥದು. ಅಂದು ಲೆನ್ಸಿಗೆ ಜಿಡ್ಡು ಹತ್ತಿದ್ದರೆ, ಮಗಳನ್ನು ಗಂಡನ ಮನೆಗೆ ಕಳಿಸಿ ಮನೆ ಬರಿದಾದ ಮೇಲೆ ತಾಯಿ ಬಿಡಿಸಿ ನೋಡುವ ಆಲ್ಬಮ್ಮಿನಲ್ಲಿ ಕೊನೆಯತನಕ ಮಂಜೇ ಉಳಿಯುತ್ತದೆ. ಅಲ್ಲದೆ ಜಿಡ್ಡಿನೊಡನೆ ಬೆವರಿನ ಉಪ್ಪೂ ಆಮ್ಲವೂ ಇರುವುದರಿಂದ ಬಹಳ ದಿನ ಬಿಟ್ಟರೆ ಅದು ಲೇಪಕ್ಕೇ ಕಚ್ಚುತ್ತದೆ. ಆದುದರಿಂದ ನಿಯಮ ಹೀಗೆ: ಧೂಳನ್ನು ಊದಿ ಬಿಡಬೇಕು, ಜಿಡ್ಡನ್ನು ಮಾತ್ರ, ಅದೂ ಧೂಳು ಪೂರ್ತಿ ಹೋದ ಮೇಲೆ, ಒರೆಸಬೇಕು.

ಊದುವುದೆಂದರೆ ಬಾಯಿಯಿಂದ ಊದುವುದು ಖಂಡಿತ ಸಲ್ಲದು. ಎಷ್ಟೇ ಎಚ್ಚರ ವಹಿಸಿದರೂ ಉಗುಳಿನ ತುಂತುರು ಬೀಳದೆ ಇರದು. ಕ್ಯಾಮೆರಾ ಅಂಗಡಿಗಳಲ್ಲಿ ಬ್ಲೋವರ್ ಎಂಬ ರಬ್ಬರಿನ ಬುರುಡೆ ದೊರೆಯುತ್ತದೆ; ಒಂದೆರಡು ನೂರು ರೂಪಾಯಿಯ ಮಾತು. ಹೊಸ ಬುರುಡೆಯ ಒಳಗೆ ಪೌಡರು ಇರುವುದುಂಟಾದ್ದರಿಂದ ಮೊದಲು ಹತ್ತಾರು ಸಲ ಬರಿಗಾಳಿಗೆ ಒತ್ತಿ ಬಿಡಬೇಕು. ಲೆನ್ಸಿನ ಮುಖವನ್ನು ನೆಲದ ಕಡೆಗೆ ತಿರುಗಿಸಿ ಹಿಡಿದು, ಕೆಳಗಿನಿಂದ ಓರೆಯಾಗಿ ನಾಲ್ಕಾರು ಸಲ ಗಾಳಿ ಹೊಡೆದರೆ ಕಣಗಳು ತಾವಾಗಿಯೇ ಉದುರುತ್ತವೆ. ಗಾಳಿಯೇ ಬೇಕೆಂದು ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಕ್ಯಾಮೆರಾ ಒಡ್ಡುವ ಸಾಹಸಿಗಳೂ ಇದ್ದಾರೆ. ಆ ಗಾಳಿಯಲ್ಲಿ ಎಣ್ಣೆಯೂ ನೀರೂ ಬೆರೆತಿರುತ್ತವೆ, ಅದರ ವೇಗ ಲೆನ್ಸಿನ ಸಂದುಗಳಲ್ಲಿ ಧೂಳನ್ನು ಒಳಕ್ಕೇ ನುಗ್ಗಿಸುತ್ತದೆ. ಬುರುಡೆಯ ಗಾಳಿಗೂ ಬಗ್ಗದ ಕಣಗಳಿಗೆ ಮೇಕೆಯ ಅಥವಾ ಒಂಟೆಯ ಕೂದಲಿನ ಮೆತ್ತನೆಯ ಬ್ರಷ್ ಇದೆ. ಅದರ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಬಾರದು. ಮುಟ್ಟಿದರೆ ಅಂದಿನಿಂದ ಅದು ಜಿಡ್ಡು ಬಳಿಯುವ ಬ್ರಷ್ ಆಗುತ್ತದೆ.

ಇಷ್ಟಾದ ಮೇಲೂ ಜಿಡ್ಡಿನ ಗುರುತು ಕಂಡರೆ ಒರೆಸುವ ಮಾತು. ಇದಕ್ಕೆಂದೇ ಮಾಡಿದ ಲೆನ್ಸ್ ಟಿಶ್ಯೂ ಎಂಬ ತೆಳುಹಾಳೆ, ಇಲ್ಲವೆ ಒಗೆದು ಒಣಗಿಸಿದ ಮೈಕ್ರೋಫೈಬರ್ ಅರಿವೆ ಬೇಕು. ಊಟದ ಮೇಜಿನ ಟಿಶ್ಯೂ ಕಾಗದ ಬೇಡ. ಅದರ ನಾರು ಒರಟು. ದ್ರವವನ್ನು ಒಂದು ಹನಿಯಷ್ಟು ಹಾಳೆಗೆ ಹಾಕಿಕೊಳ್ಳಬೇಕು, ಎಂದಿಗೂ ನೇರವಾಗಿ ಗಾಜಿನ ಮೇಲೆ ಹಾಕಬಾರದು. ಹಾಕಿದರೆ ಅಂಚಿನ ಸಂದಿನಿಂದ ಒಳಗಿಳಿದು ಎರಡು ಗಾಜುಗಳ ನಡುವೆ ನಿಂತುಬಿಡುತ್ತದೆ. ನಡುವಿನಿಂದ ಆರಂಭಿಸಿ, ಶಂಖದ ಸುಳಿಯಂತೆ ಸುತ್ತುತ್ತ ಅಂಚಿಗೆ ಬಂದು ಕೈ ಎತ್ತಬೇಕು. ಭಾರ ಹಾಕಬಾರದು, ಕೂಸಿನ ಕಣ್ಣು ಒರೆಸುವಾಗ ಎಷ್ಟು ಹಗುರವೋ ಅಷ್ಟೇ. ಹೋಗಲಿಲ್ಲವೆಂದು ಅದೇ ಹಾಳೆಯಿಂದ ಮತ್ತೆ ತಿಕ್ಕಬಾರದು, ಹೊಸ ಹಾಳೆ ತೆಗೆದುಕೊಳ್ಳಬೇಕು. ಮೈಕ್ರೋಫೈಬರ್ ಅರಿವೆಯನ್ನು ಜೇಬಿನಲ್ಲಿ ನಾಣ್ಯ, ಬೀಗದಕೈಗಳ ಜೊತೆಗೆ ತುರುಕಿಕೊಂಡು ತಿರುಗಿದರೆ ಅದಕ್ಕೂ ಅಂಗಿಯ ಚುಂಗಿಗೂ ವ್ಯತ್ಯಾಸವಿಲ್ಲ.

ಯಾವ ದ್ರವ? ಲೆನ್ಸಿಗೆಂದೇ ಮಾರುವ ದ್ರವ ಒಳ್ಳೆಯದು. ಅದಿಲ್ಲದಿದ್ದರೆ ಶುದ್ಧವಾದ ಐಸೊಪ್ರೊಪಿಲ್ ಆಲ್ಕೋಹಾಲ್ ಗಾಜಿಗೆ ಆಗುತ್ತದೆ. ಮಹಾಮಾರಿಯ ಕಾಲದಿಂದ ಎಲ್ಲ ಮನೆಗಳಲ್ಲಿ ಉಳಿದಿರುವ ಕೈ ತೊಳೆಯುವ ಸ್ಯಾನಿಟೈಸರ್ ಬೇಡ. ಚರ್ಮ ಒಡೆಯದಿರಲೆಂದು ಅದಕ್ಕೆ ಗ್ಲಿಸರಿನ್‌ನಂಥ ಪದಾರ್ಥ ಸೇರಿಸಿರುತ್ತಾರೆ, ಅದು ಗಾಜಿನ ಮೇಲೆ ಪೊರೆ ಕಟ್ಟುತ್ತದೆ. ಉಗುರುಬಣ್ಣ ತೆಗೆಯುವ ಅಸಿಟೋನ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಕಿಟಕಿಯ ಗಾಜಿಗೆ ಹಾಕುವ ನೀಲಿ ದ್ರವಗಳು ಕಿಟಕಿಗೇ ಇರಲಿ.

ನಮ್ಮ ಭಾಗದ ಕೆಲವು ವಿಶೇಷಗಳನ್ನು ಯಾವ ಕ್ಯಾಮೆರಾದ ಕೈಪಿಡಿಯಲ್ಲಿಯೂ ಬರೆದಿರುವುದಿಲ್ಲವಾದ್ದರಿಂದ ಇಲ್ಲಿ ಹೇಳಲೇಬೇಕು. ಮೊದಲನೆಯದು ಭಂಡಾರ. ಎಲ್ಲಮ್ಮನ ಗುಡ್ಡದಲ್ಲಿ ಉಧೋ ಉಧೋ ಎಂಬ ಘೋಷದೊಡನೆ ಭಕ್ತರು ಭಂಡಾರ ತೂರಿದಾಗ ಆಕಾಶವೇ ಹಳದಿಯಾಗುವುದನ್ನು ಕಂಡವರೇ ಬಲ್ಲರು. ಆ ಹುಡಿ ಹಿಟ್ಟಿಗಿಂತ ನುಣುಪು; ಲೆನ್ಸಿನ ಬಳೆಗಳ ಸಂದು, ಗುಂಡಿಗಳ ಬುಡ, ಎಲ್ಲೆಲ್ಲಿಯೂ ಸೇರಿಕೊಳ್ಳುತ್ತದೆ. ಇದಕ್ಕೆ ಒದ್ದೆ ಅರಿವೆ ತಾಗಿಸಿದಿರೋ ಕೆಟ್ಟಿತು. ಅರಿಸಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಎಂಬ ಪದಾರ್ಥ ನೀರಿನಲ್ಲಿ ಕರಗುವಂಥದಲ್ಲ. ಸೀರೆಗೆ ಹತ್ತಿದ ಅರಿಸಿನದೊಡನೆ ಹೋರಾಡಿದ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಹಚ್ಚಿದರೆ ಹುಡಿ ಕಲಸಿದ ಮುದ್ದೆಯಾಗಿ ಮೂಲೆಗಳಲ್ಲಿ ನಿಲ್ಲುತ್ತದೆ. ಗುಡ್ಡ ಇಳಿದು ಮನೆಗೆ ಬಂದ ಮೇಲೆ ಒಣಗಿದ್ದಂತೆಯೇ ಬುರುಡೆಯ ಗಾಳಿ ಹೊಡೆಯಿರಿ, ಬ್ರಷ್ ಆಡಿಸಿರಿ, ಮತ್ತೆ ಗಾಳಿ ಹೊಡೆಯಿರಿ. ಅನಂತರವೂ ಗಾಜಿನ ಮೇಲೆ ಹಳದಿ ಪೊರೆ ಉಳಿದಿದ್ದರೆ ಆಲ್ಕೋಹಾಲಿನ ಹನಿ ಹಾಕಿದ ಹಾಳೆಗೆ ಅದು ಬಿಡುತ್ತದೆ, ಏಕೆಂದರೆ ಕರ್ಕ್ಯುಮಿನ್ ಆಲ್ಕೋಹಾಲಿನಲ್ಲಿ ಕರಗುತ್ತದೆ. ಗುಡ್ಡದ ಮೇಲೆ ನಿಂತು ಲೆನ್ಸು ಬದಲಾಯಿಸುವ ಕೆಲಸವನ್ನಂತೂ ಯಾರೂ ಮಾಡಕೂಡದು. ಆಗ ಬಾಯಿ ತೆರೆದ ಕ್ಯಾಮೆರಾದೊಳಗೆ ಹೋದ ಹುಡಿ ಬೆಳಕು ಹಿಡಿಯುವ ಸೆನ್ಸರಿನ ಮೇಲೆಯೇ ಕೂರುತ್ತದೆ, ಮುಂದಿನ ಪ್ರತಿ ಚಿತ್ರದಲ್ಲಿಯೂ ಅದೇ ಜಾಗದಲ್ಲಿ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಅದನ್ನು ತೆಗೆಯುವುದು ಕಸುಬುದಾರರ ಕೆಲಸ; ಒಳಗಿರುವ ಕನ್ನಡಿಯನ್ನೂ ಸೆನ್ಸರನ್ನೂ ಮನೆಯಲ್ಲಿ ಯಾರೂ ಮುಟ್ಟಬಾರದು.

ಎರಡನೆಯದು ವಿಭೂತಿ. ಪೂಜೆ ಮುಗಿಸಿ, ಹಣೆಗೆ ಧರಿಸಿ, ಅದೇ ಬೆರಳುಗಳಿಂದ ಮೊಬೈಲೋ ಕ್ಯಾಮೆರಾವೋ ಎತ್ತಿಕೊಳ್ಳುವುದು ನಮ್ಮ ಮನೆಗಳಲ್ಲಿ ಸಹಜ. ವಿಭೂತಿ ನಮಗೆ ಪವಿತ್ರ, ಆದರೆ ಗಾಜಿಗೆ ಅದು ಭಸ್ಮ ಮಾತ್ರ. ಹುಲ್ಲಿನಲ್ಲಿ ಸಿಲಿಕಾ ಇರುತ್ತದೆ, ಹುಲ್ಲು ಮೇಯ್ದ ದನದ ಸೆಗಣಿಯಲ್ಲಿಯೂ ಇರುತ್ತದೆ, ಸುಟ್ಟ ಬೂದಿಯಲ್ಲಿ ಅದೇ ಉಳಿಯುತ್ತದೆ. ನಮ್ಮ ಅಜ್ಜಿಯರು ಒಲೆಯ ಬೂದಿಯಿಂದ ಹಿತ್ತಾಳೆ ಪಾತ್ರೆ ಬೆಳಗುತ್ತಿದ್ದುದನ್ನು ನೆನೆಯಿರಿ. ಬೂದಿಗೆ ಹೆರೆಯುವ ಶಕ್ತಿ ಇರುವುದರಿಂದಲೇ ತಂಬಿಗೆ ಥಳಥಳ ಹೊಳೆಯುತ್ತಿತ್ತು. ತಂಬಿಗೆಗೆ ಒಳಿತಾದದ್ದು ಲೆನ್ಸಿಗೆ ಕೇಡು. ಅಂಗಳದ ರಂಗೋಲಿಯ ಪುಡಿಯೂ ಕಲ್ಲಿನದೇ.

ಮೂರನೆಯದು ಗುಗ್ಗಳ. ವೀರಭದ್ರ ದೇವರ ಒಕ್ಕಲಿನ ಮನೆಗಳಲ್ಲಿ ಲಗ್ನಕ್ಕೆ ಗುಗ್ಗಳ ಹೊರುವ ಪದ್ಧತಿಯುಂಟು. ಪುರವಂತರ ಒಡಪು ಕೇಳುತ್ತ, ಉರಿಯುವ ಗುಗ್ಗಳದ ಹತ್ತಿರಕ್ಕೆ ಹೋಗಿ ಚಿತ್ರ ತೆಗೆಯುವವರ ಲೆನ್ಸಿನ ಮೇಲೆ ಎಣ್ಣೆಯೂ ರಾಳವೂ ಬೆರೆತ ಹೊಗೆಯ ಜಿಡ್ಡು ಕೂರುತ್ತದೆ. ಇಲ್ಲಿ ಊದಿದರೆ ಸಾಲದು, ದ್ರವ ಹಾಕಿ ಒರೆಸಲೇಬೇಕಾಗುತ್ತದೆ. ಇಂಥ ಸಂದರ್ಭಗಳಿಗೆಂದೇ ಲೆನ್ಸಿನ ಮುಂದೆ ತಿರುಪಿ ಕೂರಿಸುವ ಫಿಲ್ಟರ್ ಎಂಬ ಬಿಲ್ಲೆಗಾಜು ಇದೆ. ಒಳ್ಳೆಯ ಫಿಲ್ಟರ್ ಕೂಡ ದೀಪದ ಎದುರಿನಲ್ಲಿ ಒಂದಿಷ್ಟು ಮರುಬೆಳಕು ಕೊಡುತ್ತದೆಂದು ಕೆಲವು ಛಾಯಾಗ್ರಾಹಕರು ಅದನ್ನು ಒಪ್ಪುವುದಿಲ್ಲ. ಅವರ ಮಾತು ಸುಳ್ಳಲ್ಲ. ಆದರೂ ಭಂಡಾರ, ಗುಗ್ಗಳ, ತೇರಿಗೆ ಎಸೆಯುವ ಬಾಳೆಹಣ್ಣು ಉತ್ತತ್ತಿಗಳ ನಡುವೆ ನಿಲ್ಲುವವನಿಗೆ ಫಿಲ್ಟರ್ ಇರಲೇಬೇಕೆಂಬುದು ನನ್ನ ಅಭಿಪ್ರಾಯ. ಗೀರು ಬಿದ್ದರೆ ಅದನ್ನು ಎಸೆದು ಹೊಸದು ಹಾಕಬಹುದು. ಸಾಲ ಮಾಡಿ ಲೆನ್ಸು ಕೊಂಡು, ಲಗ್ನದ ನಾಲ್ಕು ತಿಂಗಳ ದುಡಿಮೆಯಿಂದ ವರ್ಷವಿಡೀ ಮನೆ ನಡೆಸುವ ತರುಣರು ನಮ್ಮ ನಾಲ್ಕೂ ಊರುಗಳಲ್ಲಿ ಇದ್ದಾರೆ; ಲೆನ್ಸಿಗೆ ಬಿದ್ದ ಗೀರು ಅವರ ಕಾಯಕಕ್ಕೇ ಬಿದ್ದ ಗೀರು. ಮನೆಯವರೂ ಇಷ್ಟು ನೆನಪಿಡಬೇಕು. ಅಕ್ಕಿಕಾಳು ಹಾಕುವಾಗ ಕ್ಯಾಮೆರಾದವನ ಮುಖಕ್ಕೆ ಎರಚುವುದು ವಿನೋದವೆಂದು ತಿಳಿಯಬಾರದು. ಎಣ್ಣೆ ಹಚ್ಚಿದ ಕೂಸಿನ ಕೈಗೆ ಅವನ ಲೆನ್ಸು ಸಿಗದಂತೆ ನೋಡಿಕೊಳ್ಳಬೇಕು.

ನೀರಿನ ವಿಷಯವನ್ನೂ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಬೈಲಹೊಂಗಲದ ಸಮೀಪದ ಸೊಗಲದಲ್ಲಿ ಸೋಮೇಶ್ವರನ ದರ್ಶನ ಮುಗಿಸಿ ಜಲಪಾತದ ಬುಡಕ್ಕೆ ಹೋದವರ ಲೆನ್ಸಿಗೆ ತುಂತುರು ಬೀಳುವುದು ಸಹಜ. ಹನಿಗಳನ್ನು ತಿಕ್ಕದೆ, ಒಣ ಟಿಶ್ಯೂವಿನ ಅಂಚು ತಾಗಿಸಿ ಹೀರಿಸಿಕೊಳ್ಳಬೇಕು. ಹಾಗೆಯೇ ಒಣಗಲು ಬಿಟ್ಟರೆ ನೀರಿನ ಲವಣ ಕಲೆಯಾಗಿ ನಿಲ್ಲುತ್ತದೆ. ನಮ್ಮ ಬೋರಿನ ಸವಳು ನೀರಂತೂ ಲೆನ್ಸಿನ ಹತ್ತಿರಕ್ಕೂ ಬರಬಾರದು. ಆ ನೀರು ಕುದಿಸಿದ ಪಾತ್ರೆಯ ತಳ ನೋಡಿದರೆ ಕಾರಣ ತಿಳಿಯುತ್ತದೆ. ಏಸಿ ಕಾರಿನಿಂದ ಇಳಿದೊಡನೆ ಲೆನ್ಸಿಗೆ ಮುಸುಕುವ ಮಂಜನ್ನು ಒರೆಸಲೇ ಬೇಡಿರಿ. ಚೀಲದೊಳಗೇ ಅರ್ಧ ಗಂಟೆ ಇಟ್ಟರೆ ತಾನಾಗಿಯೇ ಬಿಡುತ್ತದೆ.

ಮೊಬೈಲಿನವರಿಗೆ ನಿಯಮ ಇಷ್ಟು ಕಠಿಣವಲ್ಲ. ಅದರ ಹೊರಗಾಜು ಗಟ್ಟಿಯಾದದ್ದು, ಕೆಲವದರಲ್ಲಿ ನೀಲಮಣಿಯ ಜಾತಿಯ ಹರಳನ್ನೇ ಹಾಕಿರುತ್ತಾರೆ. ಆದರೆ ಅಡುಗೆಮನೆಯ ಎಣ್ಣೆಗೈ, ರೊಟ್ಟಿಯ ಹಿಟ್ಟು, ಜೇಬಿನ ಧೂಳು ಇವೆಲ್ಲದರ ನಡುವೆ ಅದು ಬದುಕುವುದರಿಂದ ಚಿತ್ರ ಮಬ್ಬಾಗಲು ಹತ್ತರಲ್ಲಿ ಒಂಬತ್ತು ಸಲ ಜಿಡ್ಡೇ ಕಾರಣ. ಕನ್ನಡಕದ ಸ್ವಚ್ಛ ಅರಿವೆಯಿಂದ, ಮೊದಲು ಧೂಳು ಕೊಡವಿ, ಹಗುರವಾಗಿ ಒರೆಸಿದರೆ ಸಾಕು. ಗೀರು ಹೋಗಲೆಂದು ಹಲ್ಲುಜ್ಜುವ ಪೇಸ್ಟು ಹಚ್ಚಿ ತಿಕ್ಕುವ ಸಲಹೆ ಬಾಯಿಂದ ಬಾಯಿಗೆ ಹರಡಿದೆ. ಪೇಸ್ಟಿನಲ್ಲಿರುವುದು ಹಲ್ಲನ್ನು ಹೆರೆಯುವ ನುಣ್ಣನೆಯ ಕಲ್ಲುಪುಡಿ. ಅದು ಒಂದು ಗೀರಿನ ಬದಲು ನೂರು ಗೀರು ಕೊಡುತ್ತದೆ.

ಈಗ ಪತ್ರವೊಂದರ ವಿಷಯ. ಕಿತ್ತೂರಿನ ಹತ್ತಿರದ ಹಳ್ಳಿಯ ತಾಯಿಯೊಬ್ಬರು ಬರೆದಿದ್ದಾರೆ. ಅವರ ಪತಿ ಶಾಲಾ ಮಾಸ್ತರರಾಗಿದ್ದವರು. ಸಂಬಳದಲ್ಲಿ ಉಳಿಸಿ ಕೊಂಡ ಕ್ಯಾಮೆರಾದಿಂದ ಮಕ್ಕಳ ಜವಳ, ಹಬ್ಬ, ಶಾಲೆಯ ಹುಡುಗರ ಗುಂಪು, ತಮ್ಮ ತಾಯಿಯ ಕೊನೆಯ ದಿನಗಳು, ಎಲ್ಲವನ್ನೂ ತೆಗೆದಿಟ್ಟು ತೀರಿಕೊಂಡರು. ಕ್ಯಾಮೆರಾವನ್ನು ಅದರ ಚರ್ಮದ ಚೀಲದಲ್ಲಿಯೇ ಇಟ್ಟು, ರೇಷ್ಮೆ ಸೀರೆಗಳ ಟ್ರಂಕಿನಲ್ಲಿ ಡಾಂಬರಗುಳಿಗೆ ಹಾಕಿ ಜೋಪಾನ ಮಾಡಿದ್ದರಂತೆ. ಮೊಮ್ಮಗನು ಈಚೆಗೆ ತೆಗೆದು ನೋಡಿದಾಗ ಲೆನ್ಸಿನ ಒಳಗೆ ಜೇಡರ ಬಲೆಯಂಥ ಬಿಳಿಯ ಎಳೆಗಳು ಹಬ್ಬಿವೆ. ಅಳಿಯಂದಿರು ಸ್ಕ್ರೂ ಬಿಚ್ಚಿ ಒಳಗೆಲ್ಲ ಸ್ಪಿರಿಟಿನಿಂದ ಒರೆಸಿಕೊಡುತ್ತೇನೆ ಎನ್ನುತ್ತಿದ್ದಾರೆ; ಒಪ್ಪಬಹುದೇ ಎಂದು ತಾಯಿಯವರ ಪ್ರಶ್ನೆ.

ಒಪ್ಪಬೇಡಿರಿ, ತಾಯಿ. ಅಳಿಯಂದಿರ ಕಾಳಜಿ ದೊಡ್ಡದು. ಆದರೆ ಲೆನ್ಸಿನೊಳಗಿನ ಗಾಜುಗಳು ಕೂದಲೆಳೆಯ ಲೆಕ್ಕದಲ್ಲಿ ಸಾಲುಗೂಡಿಸಿ ಕೂರಿಸಿದವು; ಬಿಚ್ಚಿದವು ಮತ್ತೆ ಹಾಗೆಯೇ ಕೂರುವುದು ಕಷ್ಟ. ನೀವು ಕಂಡದ್ದು ಬೂಷ್ಟು. ಗಾಳಿಯ ತೇವ ನೂರಕ್ಕೆ 60-70ರ ಮೇಲೆ ಬಹಳ ದಿನ ನಿಂತರೆ, ಕತ್ತಲೆಯಲ್ಲಿ, ಗಾಳಿಯಾಡದ ಕಡೆ ಅದು ಬೆಳೆಯುತ್ತದೆ. ರಾಮದುರ್ಗದ ಒಣಹವೆಯಲ್ಲಿ ಇದು ಅಪರೂಪ. ಮಲೆನಾಡಿನ ಸೆರಗಿಗೆ ಹೊಂದಿಕೊಂಡ ಕಿತ್ತೂರು ಸೀಮೆಯ ಮಳೆಗಾಲಕ್ಕೆ ಸಾಮಾನ್ಯ. ಚರ್ಮದ ಚೀಲ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಡಾಂಬರಗುಳಿಗೆ, ಕರ್ಪೂರಗಳ ಆವಿಯೂ ಕ್ಯಾಮೆರಾಕ್ಕೆ ಆಗದೆಂದು ತಯಾರಕರೇ ಕೈಪಿಡಿಗಳಲ್ಲಿ ಬರೆಯುತ್ತಾರೆ. ಹೀಗೆ ಪ್ರೀತಿಯಿಂದ ಮಾಡಿದ ಜೋಪಾನವೇ ಅದಕ್ಕೆ ಮುಳುವಾಯಿತು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ; ಸೀರೆಗೆ ಸಲ್ಲುವುದು ಗಾಜಿಗೆ ಸಲ್ಲುವುದಿಲ್ಲವೆಂದು ನಮಗೆ ಯಾರೂ ಹೇಳಿರಲಿಲ್ಲ.

ಹುಬ್ಬಳ್ಳಿ ಅಥವಾ ಬೆಳಗಾವಿಯಂಥ ಊರಿನಲ್ಲಿ ಹಳೆಯ ಕ್ಯಾಮೆರಾ ಬಿಚ್ಚಿ ಅನುಭವವಿರುವ ಮೆಕ್ಯಾನಿಕರನ್ನು ವಿಚಾರಿಸಿ ತೋರಿಸಿರಿ. ಬೂಷ್ಟು ಹೊಸದಾಗಿದ್ದರೆ ಒರೆಸಿದಾಗ ಗಾಜು ತಿಳಿಯಾಗುತ್ತದೆ. ಹಳೆಯದಾಗಿದ್ದರೆ ಅದು ಸೂಸುವ ಆಮ್ಲ ಲೇಪವನ್ನೂ ಗಾಜನ್ನೂ ತಿಂದಿರುತ್ತದೆ, ಎಳೆಗಳು ಹೋದರೂ ಅವುಗಳ ಗುರುತು ಉಳಿಯುತ್ತದೆ. ಕೆಲಸಕ್ಕೆ ಕೈ ಹಾಕುವ ಮುನ್ನವೇ ಖರ್ಚನ್ನು ಕೇಳಿರಿ. ಅಲ್ಲಿಯತನಕ ಅದನ್ನು ಬೇರೆ ಲೆನ್ಸುಗಳ ಜೊತೆ ಇಡಬೇಡಿರಿ. ಬಿಸಿಲಿಗಿಟ್ಟರೆ ಬೂಷ್ಟು ಸಾಯುತ್ತದೆಂದು ಹೇಳುವವರಿದ್ದಾರೆ. ಸತ್ತರೂ ಎಳೆಗಳು ಅಲ್ಲಿಯೇ ಇರುತ್ತವೆ, ಮೇಲಾಗಿ ಬಿಸಿಲಿನಲ್ಲಿ ಬಿಟ್ಟ ಲೆನ್ಸು ಭೂತಗನ್ನಡಿಯಂತೆ ಕೆಳಗಿನ ಅರಿವೆಗೆ ಕಿಡಿ ಹೊತ್ತಿಸಬಲ್ಲದು.

ಕೆಡದೆ ಇರುವ ಕ್ಯಾಮೆರಾ ಉಳ್ಳವರು ಹೀಗೆ ಮಾಡಬಹುದು. ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಚೀಲವಿಲ್ಲದೆ, ಸಿಲಿಕಾ ಜೆಲ್ ಎಂಬ ತೇವ ಹೀರುವ ಹರಳುಗಳ ಪೊಟ್ಟಣದೊಡನೆ ಇಡುವುದು. ಹರಳುಗಳಲ್ಲಿ ಬಣ್ಣ ಬದಲಿಸುವ ಜಾತಿಯನ್ನು ಕೊಂಡರೆ ಅನುಕೂಲ. ನೀಲಿ ಹರಳು ತೇವ ಹೀರಿ ದಣಿದಾಗ ಗುಲಾಬಿಯಾಗುತ್ತದೆ. ಬಿಸಿಮಾಡಿದರೆ ಮತ್ತೆ ನೀಲಿಗೆ ತಿರುಗುತ್ತದೆ. ಆದರೆ ನೀಲಿ ಬಣ್ಣಕ್ಕೆ ಹಾಕಿದ ಕೋಬಾಲ್ಟಿನ ಲವಣ ವಿಷಕಾರಿಯಾದ್ದರಿಂದ ಅಡುಗೆಯ ಬಾಣಲೆಯಲ್ಲಿ ಹುರಿಯಬಾರದು, ಮಕ್ಕಳ ಕೈಗೆ ಕೊಡಬಾರದು. ಅಕ್ಕಿಯ ಡಬ್ಬಿಯಲ್ಲಿ ಕ್ಯಾಮೆರಾ ಹುಗಿದಿಡುವುದರಿಂದ ಹಿಟ್ಟು ಹತ್ತುವುದೇ ಹೊರತು ತೇವ ಅಷ್ಟಾಗಿ ಹೋಗದು. ಎಲ್ಲಕ್ಕಿಂತ ಸುಲಭವಾದ ಉಪಾಯವೆಂದರೆ ತಿಂಗಳಿಗೊಮ್ಮೆ ತೆಗ���ದು ಗಾಳಿ ಬೆಳಕಿಗೆ ಹಿಡಿದು ನಾಲ್ಕು ಚಿತ್ರ ತೆಗೆಯುವುದು.

ಪತ್ರ ಬರೆದ ತಾಯಿಯವರಿಗೆ ಇನ್ನೊಂದು ಮಾತು. ಟ್ರಂಕಿನಲ್ಲಿ ಮಾಸ್ತರರು ಇಟ್ಟ ನೆಗೆಟಿವ್ ಫಿಲ್ಮುಗಳೂ ಇರಬೇಕಲ್ಲವೇ? ಕ್ಯಾಮೆರಾಕ್ಕಿಂತ ಮೊದಲು ಅವುಗಳನ್ನು ಹುಡುಕಿರಿ. ಫಿಲ್ಮಿನ ಮೇಲಿನ ಜೆಲಟಿನ್ ಎಂಬ ಅಂಟು ಬೂಷ್ಟಿಗೆ ಮೃಷ್ಟಾನ್ನ. ಲೆನ್ಸಿಗೆ ಹತ್ತಿದ ಕಡೆ ಫಿಲ್ಮಿಗೂ ಹತ್ತಿರುತ್ತದೆ. ಅಂಚು ಮಾತ್ರ ಹಿಡಿದು ಎತ್ತಿರಿ, ಒರೆಸಬೇಡಿರಿ, ನೀರು ತಾಗಿಸಲೇಬೇಡಿರಿ, ಒಂದಕ್ಕೊಂದು ಅಂಟಿದ್ದರೆ ಬಿಡಿಸಲು ಎಳೆಯಬೇಡಿರಿ. ಹಾಗೆಯೇ ಕಾಗದದ ಲಕೋಟೆಗಳಲ್ಲಿಟ್ಟು ಫಿಲ್ಮ್ ಸ್ಕ್ಯಾನ್ ಮಾಡುವ ಸ್ಟುಡಿಯೋಕ್ಕೆ ಒಯ್ದು ಕಂಪ್ಯೂಟರಿಗೆ ಏರಿಸಿಕೊಳ್ಳಿರಿ. ಕ್ಯಾಮೆರಾ ಮತ್ತೆ ಕಣ್ಣು ತೆರೆಯದಿದ್ದರೂ ಅದು ಒಮ್ಮೆ ಕಂಡದ್ದು ಆ ಪಟ್ಟಿಗಳಲ್ಲಿ ಉಳಿದಿರುತ್ತದೆ. ಈಗ ಹವೆ ಒಣಗುತ್ತ ಬಂದಿದೆ, ಟ್ರಂಕು ತೆರೆಯಲು ಇದೇ ತಕ್ಕ ಕಾಲ; ಮುಂದಿನ ಮಿರಗದ ಮಳೆಯತನಕ ತಡಮಾಡಬೇಡಿರಿ.